ಕ್ಲಿಪ್ ಹಾಕಿದ್ದು ಹುಬ್ಬಳ್ಳಿಯಲ್ಲಿ, ಬಿಚ್ಚಿದ್ದು ಮೈಸೂರಿನಲ್ಲಿ

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ್ದು 2023ರ ಜೂನ್‌ನಲ್ಲಿ, ನಾವು ಹುಬ್ಬಳ್ಳಿಯಲ್ಲಿದ್ದಾಗ. ಆಗ ಅವಳು ಎಂಟನೇ ಕ್ಲಾಸು. ಮೇಲಿನ ಸಾಲಿನ ಮುಂದಿನ ಹಲ್ಲುಗಳು ಉಬ್ಬಿಕೊಂಡಿದ್ದವು. ಒಂದು ಕೋರೆ ಹಲ್ಲಿಗೆ ಜಾಗ ಸಿಗದೆ ಒಸಡಿನ ಹತ್ತಿರ ಮೇಲಕ್ಕೆ ಹೊರಟಿತ್ತು. ಫೋಟೋ ತೆಗೆಯುವಾಗ ತುಟಿ ಬಿಗಿಹಿಡಿದೇ ನಗುತ್ತಿದ್ದಳು. ಶಾಲೆಯಲ್ಲಿ ಯಾರೋ ಏನೋ ಅಂದಿದ್ದರಂತೆ. ಏನು ಅಂದರು ಅಂತ ನನಗೆ ಇವತ್ತಿಗೂ ಹೇಳಿಲ್ಲ. ಒಂದು ರಾತ್ರಿ ಊಟ ಮಾಡುವಾಗ, "ಅಮ್ಮಾ, ನಂಗೆ ಕ್ಲಿಪ್ ಹಾಕಿಸ್ತೀಯಾ?" ಅಂದಳು. ಅಷ್ಟೇ.

ಮನೆ ಹತ್ತಿರದ ಒಂದು ಹಲ್ಲಿನ ಕ್ಲಿನಿಕ್‌ಗೆ ಹೋದೆವು. ಅಲ್ಲಿಯ ಡಾಕ್ಟರು ಸಾಮಾನ್ಯ ದಂತವೈದ್ಯರು. ಕ್ಲಿಪ್ ಹಾಕಲು ಬೇರೆ ಡಾಕ್ಟರು, ಅಂದರೆ ಆರ್ಥೊಡಾಂಟಿಸ್ಟ್, ತಿಂಗಳಿಗೆ ಎರಡು ಶನಿವಾರ ಬರುತ್ತಿದ್ದರು. ಬಹಳ ಕ್ಲಿನಿಕ್‌ಗಳಲ್ಲಿ ಹೀಗೇ ಇರುತ್ತದೆ. ಐದು ವರ್ಷದ ಬಿಡಿಎಸ್ ಆದಮೇಲೆ ಹಲ್ಲು ಸರಿಪಡಿಸುವುದರಲ್ಲೇ ಮೂರು ವರ್ಷ ಎಂಡಿಎಸ್ ಮಾಡಿದವರು ಇವರು. ಒಂದೇ ಕಡೆ ಕೂರದೆ ನಾಲ್ಕಾರು ಕ್ಲಿನಿಕ್‌ಗೆ ಸರದಿ ಪ್ರಕಾರ ಹೋಗುತ್ತಾರೆ. ಕೆಲಸ ಮಾಡುವವರು ಒಬ್ಬರು, ಹಣ ತೆಗೆದುಕೊಳ್ಳುವವರು ಇನ್ನೊಬ್ಬರು ಅನ್ನೋದು ಆ ದಿನ ನನ್ನ ತಲೆಗೇ ಹೋಗಲಿಲ್ಲ. ಮುಂದೆ ನಾನು ಪಟ್ಟ ಪಾಡಿನಲ್ಲಿ ಅರ್ಧ ಇದರಿಂದಲೇ ಬಂತು.

ಲೋಹದ ಕ್ಲಿಪ್‌ಗೆ 48,000 ರೂಪಾಯಿ ಪ್ಯಾಕೇಜ್ ಅಂದರು. ಕಂತಿನಲ್ಲೂ ಕಟ್ಟಬಹುದಿತ್ತು. ಒಂದೇ ಸಲ ಕೊಟ್ಟರೆ 3,000 ಬಿಡುತ್ತೇವೆ ಅಂದರು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮೂರು ಸಾವಿರ ಉಳಿಯುತ್ತದೆ, ತಿಂಗಳು ತಿಂಗಳು ಕಟ್ಟುವ ತಲೆನೋವೂ ಇಲ್ಲ ಅಂತ 45,000 ಒಟ್ಟಿಗೇ ಕೊಟ್ಟೆ. ರಸೀದಿ ಕೊಟ್ಟರು. ಅದರ ಮೇಲೆ ಬರೆದಿದ್ದು ಒಂದೇ ಸಾಲು: ಹಲ್ಲಿನ ಕ್ಲಿಪ್, ಪೂರ್ತಿ ಹಣ ಬಂದಿದೆ. ಯಾವ ಕೆಲಸಕ್ಕೆ ಎಷ್ಟು, ಎಷ್ಟು ಭೇಟಿ, ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಮತ್ತೆ ಸರಿಯದ ಹಾಗೆ ಹಿಡಿದಿಡಲು ಕೊನೆಗೆ ಕೊಡುವ ರಿಟೇನರ್ ಇದರಲ್ಲಿ ಸೇರಿದೆಯೋ ಇಲ್ಲವೋ, ಯಾವುದೂ ಇರಲಿಲ್ಲ. ನಾನೂ ಕೇಳಲಿಲ್ಲ.

ಜಾಗ ಮಾಡಲು ಕೋರೆ ಹಲ್ಲಿನ ಹಿಂದಿರುವ ನಾಲ್ಕು ಚಿಕ್ಕ ದವಡೆ ಹಲ್ಲು ತೆಗೆದರು. ಅದಕ್ಕೆ ತಲಾ 800, ಬೇರೆ. ಅಚ್ಚು ತೆಗೆದರು, ಎಕ್ಸ್‌ರೇ ತೆಗೆದರು, ಮುಖದ ಫೋಟೋ ತೆಗೆದರು. ಆಮೇಲೆ ಒಂದೊಂದು ಹಲ್ಲಿಗೂ ಚಿಕ್ಕ ಬ್ರಾಕೆಟ್ ಅಂಟಿಸಿ ತಂತಿ ಹಾಯಿಸಿದರು. ಮೊದಲ ವಾರ ಮಗಳು ಬರೀ ಗಂಜಿ, ಮೊಸರನ್ನ ತಿಂದಳು. ಆಮೇಲೆ ಒಗ್ಗಿಹೋಯಿತು. ತಿಂಗಳಿಗೊಂದು ಸಲ ಹೋಗೋದು, ತಂತಿ ಬದಲಿಸಿಕೊಂಡು ಬರೋದು. 20 ಭೇಟಿಯಲ್ಲಿ ಮುಗಿಯುತ್ತದೆ ಅಂದಿದ್ದರು. ಐದನೇ ತಿಂಗಳಿಗೇ ಕೋರೆ ಹಲ್ಲು ಕೆಳಗೆ ಇಳಿದು ಸಾಲಿಗೆ ಬಂತು. ಕೆಲಸ ಚೆನ್ನಾಗಿಯೇ ನಡೆದಿತ್ತು, ಅದನ್ನು ಹೇಳಲೇಬೇಕು.

2024ರ ಮೇನಲ್ಲಿ ನನಗೆ ಮೈಸೂರಿಗೆ ವರ್ಗ ಆಯಿತು.

ಮನೆ ಹುಡುಕಬೇಕು, ಶಾಲೆ ಹುಡುಕಬೇಕು, ಟಿಸಿ ತೆಗೆಸಬೇಕು. ಹಲ್ಲಿನ ವಿಷಯ ನೆನಪಾಗಿದ್ದು ಊರು ಬಿಡಲು ನಾಲ್ಕು ದಿನ ಇದ್ದಾಗ. ಕ್ಲಿನಿಕ್‌ಗೆ ಹೋಗಿ ರಿಸೆಪ್ಷನ್‌ನಲ್ಲಿದ್ದ ಹುಡುಗಿಯನ್ನು ಕೇಳಿದೆ. ಒಳ್ಳೆಯ ಹುಡುಗಿ, ನನ್ನ ಮಗಳ ಹತ್ತಿರ ಯಾವಾಗಲೂ ನಗುನಗುತ್ತಾ ಮಾತಾಡುತ್ತಿದ್ದಳು. "ಮೇಡಮ್ಮಾರ, ಪ್ಯಾಕೇಜ್ ಅಂದ್ರ ಪೂರ್ತಿ ಟ್ರೀಟ್‌ಮೆಂಟಿಂದು ರೀ. ಅರ್ಧಾಕ್ಕ ರೊಕ್ಕಾ ವಾಪಸ್ ಅನ್ನೂದು ಇಲ್ರಿ. ನೀವು ತಿಂಗಳಿಗೊಮ್ಮೆ ಬಂದು ಹೋಗ್ರಿ, ನಾವು ಪೂರ್ತಿ ಮಾಡಿ ಕೊಡ್ತೇವಿ" ಅಂದಳು. ಅವಳಿಗೆ ಹೇಳಿಕೊಟ್ಟಿದ್ದನ್ನು ಅವಳು ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಬಂದು ಹೋಗೋಣ ಅಂತಲೇ ಅಂದುಕೊಂಡೆವು. ಜೂನ್ ಮತ್ತು ಜುಲೈ ಎರಡು ತಿಂಗಳು ಹಾಗೇ ಮಾಡಿದೆವು. ಶುಕ್ರವಾರ ರಾತ್ರಿ ರೈಲು ಹತ್ತಿದರೆ ಶನಿವಾರ ಬೆಳಗ್ಗೆ ಹುಬ್ಬಳ್ಳಿ. ಹಲ್ಲಿನ ಕೆಲಸ ಇಪ್ಪತ್ತು ನಿಮಿಷ. ಮತ್ತೆ ರಾತ್ರಿಯ ರೈಲಿಗೆ ಕಾಯಬೇಕು. ಟಿಕೆಟ್, ಆಟೋ, ಊಟ ಎಲ್ಲ ಸೇರಿ ಇಬ್ಬರಿಗೆ ಒಂದು ಸಲಕ್ಕೆ 2,600 ರೂಪಾಯಿ ಆಯಿತು. ಅದಕ್ಕಿಂತ ಮಗಳ ಸುಸ್ತು ನೋಡೋಕಾಗಲಿಲ್ಲ. ತಂತಿ ಬಿಗಿ ಮಾಡಿಸಿಕೊಂಡ ದಿನ ಹಲ್ಲೆಲ್ಲ ನೋಯುತ್ತದೆ. ಆ ನೋವಿಟ್ಟುಕೊಂಡು ಸ್ಲೀಪರ್ ಬರ್ತ್‌ನಲ್ಲಿ ಮಲಗಬೇಕು, ಸೋಮವಾರ ಹೊಸ ಶಾಲೆಯಲ್ಲಿ ಟೆಸ್ಟು. ಜುಲೈನಲ್ಲಿ ವಾಪಸ್ ಬರುವಾಗ, "ಅಮ್ಮಾ, ಇದನ್ನ ತೆಗೆಸಿಬಿಡೋಣ, ನಂಗೆ ಸಾಕು" ಅಂದಳು. ತಾನೇ ಕೇಳಿ ಹಾಕಿಸಿಕೊಂಡಿದ್ದ ಹುಡುಗಿ. ಮೈಸೂರಿನಲ್ಲೇ ಡಾಕ್ಟರನ್ನು ನೋಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಉಳಿದಿರೋದು ಏಳು ಭೇಟಿ. ಹೊಸ ಡಾಕ್ಟರು ಆ ಏಳು ಭೇಟಿಗೆ ಫೀಸು ತೆಗೆದುಕೊಳ್ಳುತ್ತಾರೆ, ಹೆಚ್ಚೆಂದರೆ ಆರೇಳು ಸಾವಿರ. ಇದು ನನ್ನ ಲೆಕ್ಕವಾಗಿತ್ತು.

ಮೊದಲು ಹೋದ ಕ್ಲಿನಿಕ್‌ನಲ್ಲಿ ಬಾಯಿ ತೆರೆಸಿ ನೋಡಿದರು. "ಬೇರೆಯವರು ಹಾಕಿದ ಕ್ಲಿಪ್ ನಾವು ಮುಂದುವರಿಸಲ್ಲ ಮೇಡಂ" ಅಂದರು. ಕಾರಣ ಕೇಳಿದೆ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಯಾರು ಹೊಣೆ ಅಂದರು. ಫೀಸು ತೆಗೆದುಕೊಳ್ಳಲಿಲ್ಲ.

ಎರಡನೆಯವರು ಒಪ್ಪಿದರು. ಆದರೆ ಹಾಕಿರೋದನ್ನೆಲ್ಲ ಬಿಚ್ಚಿ ಅವರ ಬ್ರಾಕೆಟ್ ಹೊಸದಾಗಿ ಅಂಟಿಸಬೇಕಂತೆ. 40,000. ಹದಿಮೂರು ತಿಂಗಳ ಕೆಲಸಕ್ಕೆ ಏನೂ ಬೆಲೆ ಇಲ್ವಾ ಅಂತ ಕೇಳಿದೆ. "ಹಲ್ಲು ಸರಿದಿರೋದು ನಿಮ್ಮ ಲಾಭ ಮೇಡಂ, ಅದು ಎಲ್ಲೂ ಹೋಗಲ್ಲ. ಆದರೆ ನಮ್ಮ ಖರ್ಚು ಮಾತ್ರ ಮೊದಲಿಂದ ಶುರು" ಅಂದರು. ಅವತ್ತು ಸಿಟ್ಟು ಬಂತು. ಈಗ ನೋಡಿದರೆ ಅವರು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ನಾನು ಕೊಟ್ಟಿದ್ದ ದುಡ್ಡು ಹುಬ್ಬಳ್ಳಿಯ ಕ್ಲಿನಿಕ್‌ನಲ್ಲಿತ್ತು, ಮಗಳ ಜೊತೆ ಮೈಸೂರಿಗೆ ಬಂದಿದ್ದು ಹಲ್ಲು ಮಾತ್ರ.

ದಂತ ಕಾಲೇಜಿಗೆ ಹೋಗಿ ಅಂತ ಆಫೀಸಿನಲ್ಲಿ ಹೇಳಿದರು. ಮೈಸೂರು, ಧಾರವಾಡ, ದಾವಣಗೆರೆ, ಮಂಗಳೂರು ಕಡೆಯವರಿಗೆ ಇದೊಂದು ಒಳ್ಳೆಯ ದಾರಿ. ಖರ್ಚು ಕಡಿಮೆ. ಎಂಡಿಎಸ್ ಓದುತ್ತಿರುವವರು ಕೆಲಸ ಮಾಡುತ್ತಾರೆ, ಪ್ರೊಫೆಸರ್‌ಗಳು ನೋಡಿಕೊಳ್ಳುತ್ತಾರೆ. ಫೈಲು ಕಾಲೇಜಿನಲ್ಲೇ ಇರುವುದರಿಂದ ಡಾಕ್ಟರು ಬದಲಾದರೂ ಮುಂದಿನವರು ಅದನ್ನು ನೋಡಿ ಮುಂದುವರಿಸಬಹುದು. ಆದರೆ ಒಂದೊಂದು ಭೇಟಿಗೂ ಅರ್ಧ ದಿನ ಬೇಕು, ಅದೂ ವಾರದ ದಿನವೇ. ನನಗೆ ರಜೆ ಸಿಗುತ್ತಿರಲಿಲ್ಲ, ಮಗಳಿಗೆ ಶಾಲೆ ತಪ್ಪಿಸುವ ಹಾಗಿರಲಿಲ್ಲ. ಅನುಕೂಲ ಇದ್ದಿದ್ದರೆ ಖಂಡಿತ ಅಲ್ಲಿಗೇ ಹೋಗುತ್ತಿದ್ದೆ.

ಸೆಪ್ಟೆಂಬರ್ ಮೊದಲ ವಾರ ಮೂರನೇ ಡಾಕ್ಟರ ಹತ್ತಿರ ಹೋದೆವು. ಇವರು ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ಆರ್ಥೊಡಾಂಟಿಸ್ಟ್. ಸುಮಾರು ನಲವತ್ತು ವಯಸ್ಸಿನ ಹೆಂಗಸು. ಬಾಯಿ ನೋಡುವ ಮೊದಲೇ, "ಹಳೇ ಕಾಗದ ಏನಾದ್ರೂ ಇದೆಯಾ?" ಅಂದರು. ರಸೀದಿ ಕೊಟ್ಟೆ. "ಇದು ದುಡ್ಡಿನ ಕಾಗದ ಮೇಡಂ. ನಂಗೆ ಬೇಕಾಗಿರೋದು ಹಲ್ಲಿನ ಕಾಗದ" ಅಂದರು.

ಅವರು ಕೂರಿಸಿಕೊಂಡು ಸಮಾಧಾನವಾಗಿ ಹೇಳಿದ್ದನ್ನು ನನಗೆ ಅರ್ಥ ಆದಷ್ಟು ಬರೆಯುತ್ತೇನೆ. ಬ್ರಾಕೆಟ್‌ನಲ್ಲಿ ತಂತಿ ಕೂರಲು ಒಂದು ಸಣ್ಣ ಸೀಳು ಇರುತ್ತದೆ. ಅದು ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ. ಒಂದು 0.018 ಇಂಚು, ಇನ್ನೊಂದು 0.022 ಇಂಚು. ದೊಡ್ಡ ಅಳತೆಗೆ ಮಾಡಿದ ದಪ್ಪ ತಂತಿ ಚಿಕ್ಕದರಲ್ಲಿ ಹೋಗುವುದೇ ಇಲ್ಲ. ಇದನ್ನು ಅಳೆದು ನೋಡಬಹುದು. ಆದರೆ ಒಂದೊಂದು ಹಲ್ಲು ಎಷ್ಟು ವಾಲಬೇಕು, ಎಷ್ಟು ತಿರುಗಬೇಕು ಅನ್ನುವ ಓರೆಯನ್ನು ಬ್ರಾಕೆಟ್‌ನ ಒಳಗೇ ಕೊಟ್ಟಿರುತ್ತಾರೆ. ಅದಕ್ಕೂ ಬೇರೆ ಬೇರೆ ಪದ್ಧತಿಗಳಿವೆ. ಅದು ಬರೀ ಕಣ್ಣಿಗೆ ಗೊತ್ತಾಗುವುದಿಲ್ಲ. ಯಾವುದು ಅಂತ ಗೊತ್ತಿಲ್ಲದೆ ಮುಂದುವರಿಸಿದರೆ ಹಲ್ಲು ಎಲ್ಲಿಗೆ ಹೋಗುತ್ತದೆ ಅಂತ ನಂಬಿಕೆಯಿಂದ ಹೇಳಲು ಆಗುವುದಿಲ್ಲ. ಅದಕ್ಕೇ ಬಹಳ ಡಾಕ್ಟರು ಎಲ್ಲ ಬಿಚ್ಚಿ ಹೊಸದು ಹಾಕೋಣ ಅನ್ನುತ್ತಾರೆ.

"ಹಳೇ ವಿವರ ಸಿಕ್ಕಿ, ಅದು ನಾನು ಬಳಸೋದೇ ಆಗಿದ್ರೆ ಬಿಚ್ಚೋ ಅಗತ್ಯ ಇಲ್ಲ. ರಿಟೇನರ್ ಸೇರಿ 22,000. ಸಿಗದೇ ಇದ್ರೆ ಹೊಸದಾಗಿ ಹಾಕ್ಬೇಕು, 38,000 ಆಗತ್ತೆ" ಅಂದರು. ಅಂದರೆ ಒಂದು ಕಾಗದದ ಬೆಲೆ 16,000 ರೂಪಾಯಿ.

ಏಳು ಭೇಟಿಗೆ 22,000 ಯಾಕೆ ಅಂತ ನಾನು ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲನೆಯದಾಗಿ ಏಳು ಭೇಟಿಯಲ್ಲಿ ಮುಗಿಯುವುದಿಲ್ಲ ಅಂದರು. ಒಂದು ತಿಂಗಳ ಮೇಲಾಗಿತ್ತು ಯಾರೂ ನೋಡಿ. ಹಲ್ಲು ಎಳೆಯುವ ರಬ್ಬರ್ ಸರಪಳಿ ಶಕ್ತಿ ಕಳೆದುಕೊಂಡಿತ್ತು. ಹಲ್ಲು ತೆಗೆದ ಜಾಗ ಮುಚ್ಚಿಕೊಳ್ಳೋದು ನಿಂತುಹೋಗಿತ್ತು. ಮೂರು ಬ್ರಾಕೆಟ್ ಅಲ್ಲಾಡುತ್ತಿದ್ದವು. ಎರಡನೆಯದು, ಕೊನೆಯ ಹಂತವೇ ಸೂಕ್ಷ್ಮ. ಹಲ್ಲು ನೇರ ಮಾಡೋದು ಬೇಗ ಆಗುತ್ತದೆ, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂರುವ ಹಾಗೆ ಮಾಡೋದಕ್ಕೆ ಕೈ ಬೇಕು, ತಾಳ್ಮೆ ಬೇಕು. ಮೂರನೆಯದು, ಇನ್ನು ಮುಂದೆ ಆ ಬಾಯಿಯ ಪೂರ್ತಿ ಹೊಣೆ ಅವರದು. ಹಿಂದೆ ಆಗಿರಬಹುದಾದ ತೊಂದರೆಯೂ ಅವರ ತಲೆ ಮೇಲೇ.

ಅದಕ್ಕಾಗಿ ಮೊದಲು ಹೊಸ ಎಕ್ಸ್‌ರೇ ತೆಗೆಸಿದರು. ಇಡೀ ಬಾಯಿ ಒಂದೇ ಚಿತ್ರದಲ್ಲಿ ಬರುವ ಓಪಿಜಿ. ಹಲ್ಲು ಸರಿಸುವಾಗ ಬೇರಿನ ತುದಿ ಸ್ವಲ್ಪ ಸವೆಯುವುದುಂಟಂತೆ. ಮಗಳ ಮೇಲಿನ ಎರಡು ಮುಂದಿನ ಹಲ್ಲುಗಳ ಬೇರು ತುದಿಯಲ್ಲಿ ಮೊಂಡಾಗಿತ್ತು. ಮೊದಲಿಂದಲೇ ಹಾಗಿತ್ತಾ, ಈಗ ಆಯಿತಾ? ಹಳೆಯ ಎಕ್ಸ್‌ರೇ ಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಹೇಳಬಹುದು. ಅಲ್ಲಿಯವರೆಗೆ ನಾನು ದುಡ್ಡಿನ ವಿಷಯವನ್ನೇ ತಲೆಗೆ ಹಚ್ಚಿಕೊಂಡಿದ್ದೆ. ಆ ಎಕ್ಸ್‌ರೇ ನೋಡಿದ ಮೇಲೆ ಹಳೇ ಕಾಗದ ನನಗೆ ಬೇಕೇಬೇಕು ಅನ್ನಿಸಿತು.

ಹುಬ್ಬಳ್ಳಿಗೆ ಫೋನ್ ಮಾಡಿದೆ. ಡಾಕ್ಟರ್ ಬಂದ ಮೇಲೆ ಕೇಳಿ ಹೇಳುತ್ತೇವೆ ಅಂದರು. ಮತ್ತೆ ಮಾಡಿದೆ. ಅಚ್ಚು ಗೋಡೌನ್‌ನಲ್ಲಿದೆ, ಹುಡುಕಬೇಕು ಅಂದರು. ಎಕ್ಸ್‌ರೇ ಕೇಳಿದೆ, ಹಳೆಯ ಕಂಪ್ಯೂಟರ್ ಕೆಟ್ಟಿದೆ ಅಂದರು. ವಾಟ್ಸಾಪ್‌ನಲ್ಲಿ ಬರೆದೆ, ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಮೂರು ವಾರ ಹೀಗೇ ಕಳೆಯಿತು. ಮಗಳ ಬಾಯಲ್ಲಿ ಒಂದು ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿತ್ತು. ಮೈಸೂರಿನ ಡಾಕ್ಟರು ಅದನ್ನು ಕತ್ತರಿಸಿ ಮೇಣ ಕೊಟ್ಟು ಕಳಿಸಿದರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ನನ್ನ ಸಹೋದ್ಯೋಗಿ ಒಬ್ಬರು ಗ್ರಾಹಕರ ಕೋರ್ಟಿಗೆ ಹೋಗಿ ಅಂದರು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕರ ಕಾನೂನಿನ ಕೆಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ನಾವು ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಫೀಸೂ ಇಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು. ಇದರ ಜೊತೆಗೆ ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ಕೆಪಿಎಂಇ ಅಂತ ಕರೆಯುತ್ತಾರೆ. ಹಲ್ಲಿನ ಕ್ಲಿನಿಕ್‌ಗಳೂ ಅದರಲ್ಲಿ ಹೆಸರು ನೋಂದಾಯಿಸಬೇಕು, ದರಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಹಾಕಬೇಕು. ದೂರು ಇದ್ದರೆ ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು. ಆ ಕ್ಲಿನಿಕ್‌ನ ಗೋಡೆಯನ್ನು ನೆನಪಿಸಿಕೊಂಡೆ. ಬಿಳಿ ಹಲ್ಲಿನ ನಗು ಮುಖಗಳ ದೊಡ್ಡ ಚಿತ್ರ ಇತ್ತು. ದರಪಟ್ಟಿ ನೋಡಿದ ನೆನಪಿಲ್ಲ.

ನಾನು ಕೋರ್ಟಿಗೆ ಹೋಗಲಿಲ್ಲ. ಹೆದರಿಕೆಯಿಂದಲ್ಲ. ನನಗೆ ಬೇಕಾಗಿದ್ದು ಎಕ್ಸ್‌ರೇ ಮತ್ತು ವಿವರ, ಅದೂ ಈ ತಿಂಗಳೇ. ಜಗಳ ಶುರುವಾದರೆ ಮೊದಲು ಬಾಯಿ ಮುಚ್ಚೋದು ಆ ಕಡೆಯವರೇ. ಅದಕ್ಕೆ ಒಂದು ಪತ್ರ ಬರೆದೆ, ಕನ್ನಡದಲ್ಲೇ, ಒಂದು ಪುಟ. ಮಗಳ ಚಿಕಿತ್ಸೆಯ ದಾಖಲೆಗಳ ಪ್ರತಿ ಪಡೆಯೋದು ನಮ್ಮ ಹಕ್ಕು, ದಯವಿಟ್ಟು ಇಷ್ಟನ್ನು ಕೊಡಿ ಅಂತ ಬಿಡಿಬಿಡಿಯಾಗಿ ಬರೆದೆ. ಶುರುವಿನ ಎಕ್ಸ್‌ರೇಗಳು, ಫೋಟೋ, ಪ್ಲಾಸ್ಟರ್ ಅಚ್ಚು, ಯಾವ ಬ್ರಾಕೆಟ್, ಯಾವ ಅಳತೆ, ಈಗ ಹಾಕಿರುವ ತಂತಿ ಯಾವುದು, ಎಷ್ಟು ಭೇಟಿ ಆಗಿದೆ. ಕೊನೆಗೆ ಇನ್ನೊಂದು ಮಾತು ಸೇರಿಸಿದೆ: ನಾನು ಕೊಟ್ಟ 45,000ದಲ್ಲಿ ಈವರೆಗಿನ ಕೆಲಸಕ್ಕೆ ಎಷ್ಟು ಆಯಿತು, ಲೆಕ್ಕ ಬರೆದು ಕೊಡಿ. ವಾಪಸ್ ಕೊಡಿ ಅಂತ ಬರೆಯಲಿಲ್ಲ, ಲೆಕ್ಕ ಕೇಳಿದೆ. ರಿಜಿಸ್ಟರ್ ಪೋಸ್ಟ್ ಮಾಡಿದೆ.

ಅದೇ ಸಮಯದಲ್ಲಿ ಇನ್ನೊಂದು ಕೆಲಸ ಆಯಿತು. ಮಗಳಿಗೆ ನೆನಪಿತ್ತು, ಶನಿವಾರ ಬರುತ್ತಿದ್ದ ಆರ್ಥೊಡಾಂಟಿಸ್ಟ್ ಒಮ್ಮೆ ತಮ್ಮ ನಂಬರ್ ಕೊಟ್ಟಿದ್ದರು, ತಂತಿ ಚುಚ್ಚಿದರೆ ಫೋಟೋ ಕಳಿಸು ಅಂತ. ಹಳೆಯ ಮೊಬೈಲ್‌ನಲ್ಲಿ ಹುಡುಕಿ ತೆಗೆದಳು. ಸಂಜೆ ಫೋನ್ ಮಾಡಿದೆ. ಅವರಿಗೆ ನಾವು ಊರು ಬಿಟ್ಟಿದ್ದು ಸರಿಯಾಗಿ ಗೊತ್ತೇ ಇರಲಿಲ್ಲ. "ಅಯ್ಯೋ, ಹೌದೇನ್ರಿ? ಪಾಪ, ಹುಡುಗಿ ಹಲ್ಲು ಚಲೋ ಬರ್ಲಿಕತ್ತಿದ್ವು" ಅಂದರು. ಬ್ರಾಕೆಟ್ ಯಾವುದು ಅಂತ ಕೇಳಿದ್ದಕ್ಕೆ ಒಂದೇ ನಿಮಿಷದಲ್ಲಿ ಹೇಳಿದರು. 0.022, ಇಂಥ ಪದ್ಧತಿ. ಮೈಸೂರಿನ ಡಾಕ್ಟರ ನಂಬರ್ ಕೊಡಿ, ನಾನೇ ಮಾತಾಡುತ್ತೇನೆ ಅಂದರು. ಅವತ್ತು ರಾತ್ರಿಯೇ ಇಬ್ಬರೂ ಮಾತಾಡಿದರು. ಮೂರು ವಾರದಲ್ಲಿ ಕ್ಲಿನಿಕ್‌ನಿಂದ ಬಾರದ ಉತ್ತರ ಕೆಲಸ ಮಾಡಿದವರ ಬಾಯಿಂದ ಒಂದೇ ಫೋನಿನಲ್ಲಿ ಬಂತು. ನಾನು ಮೊದಲೇ ಅವರನ್ನು ಕೇಳಬೇಕಿತ್ತು.

ಪತ್ರ ಮುಟ್ಟಿದ ಎರಡು ದಿನಕ್ಕೆ ಕ್ಲಿನಿಕ್‌ನ ಡಾಕ್ಟರೇ ಫೋನ್ ಮಾಡಿದರು. ದನಿಯಲ್ಲಿ ಬೇಸರ ಇತ್ತು. ಪತ್ರ ಯಾಕೆ ಬರೆದಿರಿ, ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಅಂದರು. ಎಷ್ಟು ಸಲ ಹೇಳಿದ್ದೆ ಅಂತ ತಾರೀಕು ಸಮೇತ ಹೇಳಿದೆ. ಆಮೇಲೆ ಮಾತು ಮೆತ್ತಗಾಯಿತು. ಎಕ್ಸ್‌ರೇ ಮತ್ತು ಫೋಟೋಗಳು ಅದೇ ವಾರ ಮೇಲ್‌ನಲ್ಲಿ ಬಂದವು. ಅಚ್ಚು ಕೊರಿಯರ್‌ನಲ್ಲಿ ಬಂತು. ಹತ್ತಿಯಲ್ಲಿ ಸುತ್ತಿದ್ದರು, ಆದರೂ ಒಂದು ಮೂಲೆ ಒಡೆದಿತ್ತು. ಜೊತೆಗೆ ಕ್ಲಿನಿಕ್‌ನ ಲೆಟರ್‌ಹೆಡ್ ಮೇಲೆ ಲೆಕ್ಕ:

ಶುರುವಿನ ಕೆಲಸ, ಬ್ರಾಕೆಟ್, ಅಂಟಿಸಿದ್ದು, ಪ್ಲಾನ್ ಎಲ್ಲ ಸೇರಿ 25,000. ಭೇಟಿ ಒಂದಕ್ಕೆ 800ರಂತೆ 20 ಭೇಟಿಗೆ 16,000. ರಿಟೇನರ್ 4,000. ಒಟ್ಟು 45,000. ಆಗಿರುವ ಭೇಟಿ 13, ಅಂದರೆ 10,400. ಖರ್ಚಾಗಿದ್ದು 35,400. ಉಳಿದಿದ್ದು 9,600. ಒಂದೇ ಸಲ ಕಟ್ಟಿದ್ದಕ್ಕೆ ಕೊಟ್ಟಿದ್ದ ರಿಯಾಯಿತಿ 3,000 ಕಳೆದು, ವಾಪಸ್ ಕೊಡಬೇಕಾದ್ದು 6,600.

ಈ ಲೆಕ್ಕವನ್ನು ಎಷ್ಟು ಸಲ ಓದಿದೆನೋ. ಶುರುವಿಗೇ 25,000 ಅನ್ನೋದು ಸರಿಯಾ? ಮೈಸೂರಿನ ಡಾಕ್ಟರನ್ನು ಕೇಳಿದೆ. ಶುರುವಿನಲ್ಲೇ ಖರ್ಚು ಜಾಸ್ತಿ ಆಗೋದು ನಿಜ, ಸಾಮಾನು, ಲ್ಯಾಬು, ಬಂದು ಹೋಗುವ ಡಾಕ್ಟರ ಪಾಲು ಎಲ್ಲ ಇರುತ್ತದೆ, ಅರ್ಧಕ್ಕಿಂತ ಸ್ವಲ್ಪ ಮೇಲೆ ಹಾಕೋದು ಅನ್ಯಾಯ ಅಲ್ಲ ಅಂದರು. ಒಪ್ಪಿಕೊಂಡೆ. ಆದರೆ ಇದೇ ಅಂಕಿಯನ್ನು ಮೊದಲ ದಿನ ರಸೀದಿಯ ಹಿಂದೆ ಬರೆದು ಕೊಟ್ಟಿದ್ದರೆ ನನಗೆ ಅನುಮಾನ ಪಡುವ ಪ್ರಸಂಗವೇ ಬರುತ್ತಿರಲಿಲ್ಲ. 25 ಅಂದರೂ 30 ಅಂದರೂ ನಾನು ನಂಬಲೇಬೇಕಿತ್ತು. ನನ್ನ ಹತ್ತಿರ ಬೇರೆ ಕಾಗದ ಇರಲಿಲ್ಲ.

ರಿಯಾಯಿತಿ ಕಳೆದಿದ್ದನ್ನು ಮಾತ್ರ ಒಪ್ಪಲಿಲ್ಲ. ಅವರು ರಿಯಾಯಿತಿ ಕೊಟ್ಟಿದ್ದು ಹಣ ಮುಂಚೆಯೇ ಕೊಟ್ಟಿದ್ದಕ್ಕೆ. ಹಣ ನಾನು ಮುಂಚೆಯೇ ಕೊಟ್ಟಿದ್ದೆ, ಅದು ಒಂದು ವರ್ಷಕ್ಕೂ ಮೇಲೆ ಅವರ ಹತ್ತಿರವೇ ಇತ್ತು. ಚಿಕಿತ್ಸೆ ಪೂರ್ತಿ ಮಾಡಿಸಿದರೆ ಮಾತ್ರ ರಿಯಾಯಿತಿ ಅಂತ ಯಾರೂ ಹೇಳಿರಲಿಲ್ಲ. ಇದನ್ನೇ ಫೋನಿನಲ್ಲಿ ಸಮಾಧಾನವಾಗಿ ಹೇಳಿದೆ. ಡಾಕ್ಟರು ಒಂದು ಕ್ಷಣ ಸುಮ್ಮನಿದ್ದು, "ವಿಚಾರ ಮಾಡ್ತೇನ್ರಿ" ಅಂದರು. ಎರಡು ದಿನ ಬಿಟ್ಟು ನನ್ನ ಖಾತೆಗೆ 9,600 ಬಂತು. ಜೊತೆಗೆ ಒಂದು ಮೆಸೇಜು, ಮಗಳಿಗೆ ಒಳ್ಳೆಯದಾಗಲಿ ಅಂತ. ನಾನೂ ಥ್ಯಾಂಕ್ಸ್ ಬರೆದೆ, ಮನಸ್ಸಿನಿಂದಲೇ.

ಹಳೆಯ ಎಕ್ಸ್‌ರೇ ಬಂದ ದಿನ ಮೈಸೂರಿನ ಡಾಕ್ಟರು ಎರಡನ್ನೂ ಪರದೆ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ಬೇರಿನ ತುದಿ 2023ರಲ್ಲೂ ಸ್ವಲ್ಪ ಮೊಂಡಾಗಿಯೇ ಇತ್ತು. ಈಗ ಸವೆದಿದ್ದು ಬಹಳ ಕಡಿಮೆ. ನನ್ನ ಎದೆಯಿಂದ ಒಂದು ಕಲ್ಲು ಇಳಿದ ಹಾಗಾಯಿತು. ಆದರೂ ಜಾಸ್ತಿ ಬಲ ಹಾಕದೆ ನಿಧಾನವಾಗಿ ಎಳೆಯೋಣ, ಮಧ್ಯದಲ್ಲಿ ಇನ್ನೊಂದು ಎಕ್ಸ್‌ರೇ ನೋಡೋಣ ಅಂದರು. ಬ್ರಾಕೆಟ್ ಅವರು ಬಳಸುವುದೇ ಆಗಿತ್ತು. ಬಿಚ್ಚಲಿಲ್ಲ.

ಈ ಸಲ ನಾನು ಹಣ ಕೊಡುವ ಮೊದಲೇ ಕೇಳಿದೆ. ಅವರು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಕೊಟ್ಟರು. 22,000ದಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ. ಮೊದಲು 8,000, ಆಮೇಲೆ ತಿಂಗಳಿಗೆ 1,000ದಂತೆ ಹತ್ತು ತಿಂಗಳು, ರಿಟೇನರ್ ಕೊಡುವ ದಿನ 4,000. ನಡುವೆ ನಿಂತರೆ ಆ ತಿಂಗಳವರೆಗಿನದು ಮಾತ್ರ. ಬ್ರಾಕೆಟ್ ಬಿದ್ದರೆ ಅಂಟಿಸಲು 500. ರಿಟೇನರ್ ಕಳೆದರೆ ಹೊಸದಕ್ಕೆ ಎಷ್ಟು ಅಂತಲೂ ಬರೆದಿದ್ದರು. ಒಟ್ಟಿಗೆ ಕೊಟ್ಟರೆ ಏನಾದರೂ ಕಡಿಮೆ ಆಗುತ್ತದೆಯಾ ಅಂತ ನಾನು ಕೇಳಲಿಲ್ಲ.

ಖರ್ಚು ಒಟ್ಟು ಎಷ್ಟಾಯಿತು ಅಂತ ಬಹಳ ಜನ ಕೇಳುತ್ತಾರೆ, ಅದಕ್ಕೆ ಇಲ್ಲಿ ಬರೆಯುತ್ತೇನೆ. ಹುಬ್ಬಳ್ಳಿಯಲ್ಲಿ ವಾಪಸ್ ಬಂದಿದ್ದು ಕಳೆದು 35,400. ಮೈಸೂರಿನಲ್ಲಿ 22,000. ಅದರ ಮೇಲೆ ಕನ್ಸಲ್ಟೇಷನ್ 300, ಓಪಿಜಿ 500, ಮೂರು ಬ್ರಾಕೆಟ್ ಮತ್ತೆ ಅಂಟಿಸಲು 1,500. ಎಲ್ಲ ಸೇರಿ 59,700. ಹಲ್ಲು ತೆಗೆಸಿದ ಖರ್ಚು ಊರು ಬದಲಾಗದಿದ್ದರೂ ಇರುತ್ತಿತ್ತು, ಅದನ್ನು ಸೇರಿಸಿಲ್ಲ. ಒಂದೇ ಕಡೆ ಮುಗಿದಿದ್ದರೆ 45,000ಕ್ಕೆ ಆಗುತ್ತಿತ್ತು. ಊರು ಬದಲಾಗಿದ್ದಕ್ಕೆ 14,700 ಜಾಸ್ತಿ. ರೈಲಿನ ಎರಡು ಓಡಾಟ ಹಿಡಿದರೆ 19,900. ಆರೋಗ್ಯ ವಿಮೆಯಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ನಮ್ಮ ಪಾಲಿಸಿಯಲ್ಲಿ ಅಪಘಾತದಿಂದ ಆದ ಪೆಟ್ಟಿಗೆ ಬಿಟ್ಟರೆ ಹಲ್ಲಿನ ಖರ್ಚು ಸೇರಿಲ್ಲ.

ಇದು ಕ್ಲಿಪ್‌ಗೆ ಮಾತ್ರ ಅಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ರೂಟ್ ಕೆನಾಲ್ ಅರ್ಧಕ್ಕೆ ಬಿಟ್ಟು ಬೇರೆ ಊರಿಗೆ ಬಂದಿದ್ದರು. ಒಳಗೆ ಔಷಧಿ ಇಟ್ಟು ತಾತ್ಕಾಲಿಕ ಸಿಮೆಂಟ್ ಹಾಕಿ ಕಳಿಸಿದ್ದರಂತೆ. ಎರಡು ತಿಂಗಳಲ್ಲಿ ಸಿಮೆಂಟ್ ಉದುರಿ, ಒಳಗೆ ಮತ್ತೆ ಸೋಂಕು ಆಗಿ, ಹೊಸ ಡಾಕ್ಟರು ಪೂರ್ತಿ ಮೊದಲಿಂದ ಮಾಡಬೇಕಾಯಿತು. ಪೂರ್ತಿ ಫೀಸು ಕೊಟ್ಟರು. ಅವರ ಹತ್ತಿರವೂ ಹಳೇ ಎಕ್ಸ್‌ರೇ ಇರಲಿಲ್ಲ. ಎಷ್ಟು ಬೇರಿನ ದಾರಿ ಸ್ವಚ್ಛ ಮಾಡಿದ್ದಾರೆ, ಎಲ್ಲಿಯವರೆಗೆ ಹೋಗಿದ್ದಾರೆ ಅಂತ ಗೊತ್ತಾಗಲಿಲ್ಲ.

ಮಗಳ ಕ್ಲಿಪ್ ಬಿಚ್ಚಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಎಸ್ಸೆಸ್ಸೆಲ್ಸಿ ವರ್ಷ. ಪಟ್ ಪಟ್ ಅಂತ ಒಂದೊಂದೇ ಬ್ರಾಕೆಟ್ ಬಿಟ್ಟುಬಂತು. ಅಂಟು ಉಜ್ಜಿ ತೆಗೆದು ಕನ್ನಡಿ ಕೊಟ್ಟರು. ಅವಳು ಕನ್ನಡಿ ನೋಡಲಿಲ್ಲ, ಮೊದಲು ನಾಲಿಗೆಯಿಂದ ಹಲ್ಲು ಸವರಿ ನೋಡಿದಳು. ಆಮೇಲೆ ಕನ್ನಡಿ ನೋಡಿದಳು. ಆಮೇಲೆ ನನ್ನನ್ನು ನೋಡಿ ನಕ್ಕಳು, ಹಲ್ಲು ಕಾಣುವ ಹಾಗೆ.

ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸಿದ್ದಾರೆ. ರಾತ್ರಿ ಹಾಕಿಕೊಳ್ಳಲು ಬೇರೆ ರಿಟೇನರ್ ಕೊಟ್ಟಿದ್ದಾರೆ. ಹಾಕಿಕೊಳ್ಳದಿದ್ದರೆ ಹಲ್ಲು ಮತ್ತೆ ಹಳೆಯ ಜಾಗದ ಕಡೆ ಹೊರಡುತ್ತದಂತೆ. ಹೊರಡುವಾಗ ಡಾಕ್ಟರು ನಾನು ಕೇಳುವ ಮೊದಲೇ ಒಂದು ಫೈಲು ಕೊಟ್ಟರು. ಎರಡೂ ಊರಿನ ಎಕ್ಸ್‌ರೇ, ಫೋಟೋ, ಯಾವ ತಿಂಗಳು ಯಾವ ತಂತಿ ಅನ್ನುವ ಪಟ್ಟಿ, ಪೆನ್ ಡ್ರೈವ್. "ಪಿಯುಸಿಗೆ ಯಾವ ಊರಿಗೆ ಹೋಗ್ತಾಳೋ ಏನೋ, ಇಟ್ಕೊಂಡಿರಿ" ಅಂದರು. ಅದು ಈಗ ಅವಳ ಜನನ ಪ್ರಮಾಣಪತ್ರದ ಜೊತೆ ಬೀರುವಿನಲ್ಲಿದೆ. ಹುಬ್ಬಳ್ಳಿಯಿಂದ ಬಂದ ಮೂಲೆ ಒಡೆದ ಪ್ಲಾಸ್ಟರ್ ಅಚ್ಚನ್ನು ಮಾತ್ರ ಅವಳು ಬೀರುವಿನಲ್ಲಿ ಇಡಲು ಬಿಡಲಿಲ್ಲ. ಓದುವ ಮೇಜಿನ ಮೇಲೆ ಪುಸ್ತಕಗಳು ಬೀಳದ ಹಾಗೆ ಒತ್ತಾಗಿ ಇಟ್ಟುಕೊಂಡಿದ್ದಾಳೆ.